ಕ್ಯಾಪೊ ಹಾಕಿದ ಮೇಲಿನ ಶ್ರುತಿ

ಗಿಟಾರು ನನಗೆ ಬಂದದ್ದು ಬಾಡಿಗೆ ಖೋಲಿಯ ಜೊತೆ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನನಗಿಂತ ಮೊದಲು ಆ ಖೋಲಿಯಲ್ಲಿದ್ದವರು ಅದನ್ನು ಅಟ್ಟದ ಮೇಲೆ ಬಿಟ್ಟು ಹೋಗಿದ್ದರು. ಫೋನು ಮಾಡಿದರೆ, "ನೀವ ಇಟ್ಕೋರಿ, ನಂಗ ಬ್ಯಾಡ" ಎಂದರು. ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋಗಿ ಆಗ ಎರಡು ವರ್ಷವಾಗಿತ್ತು. ಹಗಲೆಲ್ಲ ಟಿಕೋಟಾದ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವುದು, ಸಂಜೆ ಬಂದು ಬೀಗ ತೆಗೆಯುವುದು, ಇಷ್ಟೇ. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತಿದ್ದೆ. ಎಂಥ ಹುಚ್ಚು ನೋಡಿ.

ಫೋನಿನ ವಿಡಿಯೋ ನೋಡಿ ನೋಡಿ ನಾಲ್ಕಾರು ಕಾರ್ಡು, ಅಂದರೆ ಹಲವು ಸ್ವರ ಒಟ್ಟಿಗೆ ಹಿಡಿಯುವ ಪಟ್ಟು, ಕಲಿತೆ. ಅದು ಬಬಲೇಶ್ವರದ ಒಬ್ಬ ಕಿರಾಣಿ ಸಾಹುಕಾರರ ಕಿವಿಗೆ ಬಿತ್ತು. ಅವರ ಮೋಟರು ನಾನೇ ಕಟ್ಟಿಕೊಟ್ಟಿದ್ದೆ. "ಐತವಾರ ಮಧ್ಯಾಹ್ನ ಅಂಗಡಿ ಬಂದ್ ಇರ್ತೈತ್ರಿ. ಹಿಂದ ಗೋದಾಮಿನ್ಯಾಗ ಭಜನಿ ಮಾಡ್ತೀವಿ. ನಿಮ್ಮ ಗಿಟಾರ ತಗೊಂಡು ಬರ್ರಿ" ಎಂದು ಕರೆದರು. ಹಾರ್ಮೋನಿಯಂ ಅವರದೇ. ತಾಳ ಹಾಕಲು ನಾಲ್ಕು ಜನ. ಹಾಡುವವರು ಮಾತ್ರ ಜೈನಾಪುರದ ಒಬ್ಬ ಅಜ್ಜ, ಎಮ್ಮೆ ಸಾಕಿಕೊಂಡವರು, ಎಪ್ಪತ್ತು ದಾಟಿದವರು. ಆ ಐತವಾರಗಳಿಗಾಗಿ ನಾನು ಉಳಿದ ಆರು ದಿನ ತಳ್ಳುತ್ತಿದ್ದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅಜ್ಜನ ಸ್ವರ ಕಾಳಿ ದೋನ್, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ. ನನಗೆ ಬರುವ ಕಾರ್ಡುಗಳು ಅಲ್ಲಿಗೆ ಕೂಡುತ್ತಿರಲಿಲ್ಲ. ಅದಕ್ಕೆ ಕ್ಯಾಪೊ ತರಿಸಿದೆ. ಗಿಟಾರಿನ ಕುತ್ತಿಗೆಗೆ ಕಚ್ಚಿಸುವ ಚಿಮಟ ಅದು. ಆರೂ ತಂತಿಗಳನ್ನು ಒಟ್ಟಿಗೆ ಅದುಮಿ ಸ್ವರ ಏರಿಸುತ್ತದೆ. ಕುತ್ತಿಗೆಯ ಮೇಲೆ ಅಡ್ಡಡ್ಡ ಕೂಡಿಸಿದ ಲೋಹದ ಪಟ್ಟಿಗಳಲ್ಲಿ ಮೂರನೆಯದಕ್ಕೆ ಹಾಕಿದರೆ ನನ್ನ ಕಾರ್ಡು ಅಜ್ಜನ ಸ್ವರಕ್ಕೆ ಬರುತ್ತಿತ್ತು. ಮನೆಯಲ್ಲೇ ಫೋನಿನಲ್ಲಿ ತಂತಿಗಳ ಶ್ರುತಿ ನೋಡಿ, ಹಸಿರು ದೀಪ ಬಂದ ಮೇಲೆ ಚೀಲಕ್ಕೆ ಹಾಕುತ್ತಿದ್ದೆ. ಕ್ಯಾಪೊ ಕಚ್ಚಿಸುವುದು ಗೋದಾಮಿಗೆ ಹೋದ ಮೇಲೆ. ಹಾರ್ಮೋನಿಯಂನ ಗದ್ದಲದಲ್ಲಿ ನನ್ನ ಗಿಟಾರು ಯಾರಿಗೂ ಅಷ್ಟಾಗಿ ಕೇಳುತ್ತಿರಲಿಲ್ಲ.

ಒಂದು ಐತವಾರ ಹಾರ್ಮೋನಿಯಂನ ತಿದಿ ಹರಿದಿತ್ತು. "ಇವತ್ತ ನಿಮ್ಮದ ಒಂದ ನಡೀಲಿ" ಎಂದರು ಸಾಹುಕಾರರು. ನನ್ನ ಉಬ್ಬು ಕೇಳಬೇಡಿ! ಅಲ್ಲಿಯ ಪದ್ಧತಿ ಹೇಗೆಂದರೆ, ಮೊದಲು ಹಾಡುವವರು ಬರಿಗಂಟಲಲ್ಲಿ ಒಂದು ಸಾಲು ಎತ್ತಿಕೊಳ್ಳಬೇಕು, ವಾದ್ಯ ಆಮೇಲೆ ಕೂಡಬೇಕು. ಅಜ್ಜ ಕಣ್ಣು ಮುಚ್ಚಿ ಎತ್ತಿಕೊಂಡರು. ನಾನು ಕೂಡಿದೆ. ಕೂಡಲಿಲ್ಲ. ಅವರ ಸ್ವರಕ್ಕೂ ನನ್ನ ತಂತಿಗೂ ಕೂದಲೆಳೆಯಷ್ಟು ಅಂತರ, ಹಲ್ಲು ಜುಮ್ಮೆನ್ನುವಂತೆ.

ನಾನು ಕೈ ನಿಲ್ಲಿಸಿ ಎಲ್ಲರೆದುರು ಹೇಳಿಬಿಟ್ಟೆ. "ಅಜ್ಜಾರ, ನಿಮ್ಮ ಸ್ವರ ಇಳದೈತ್ರಿ. ನಂದು ಫೋನಿನ್ಯಾಗ ನೋಡಿ ಕೂಡಿಸಿದ್ದು, ತಪ್ಪಂಗಿಲ್ಲ."

"ಹೌದೇನಪಾ?" ಎಂದ ಅಜ್ಜ ಸ್ವರ ಏರಿಸಲು ನೋಡಿದರು. ಗಂಟಲು ಒಡೆಯಿತು. ಮತ್ತೊಮ್ಮೆ ನೋಡಿದರು. ಆಮೇಲೆ ಟೋಪಿ ಸರಿಮಾಡಿಕೊಂಡು, "ಎಮ್ಮಿ ಹಾಲು ಹಿಂಡೂ ಹೊತ್ತಾತು" ಎಂದು ಎದ್ದರು. ಆಗಿನ್ನೂ ಮೂರು ಗಂಟೆ. ಯಾರೂ ತುಟಿ ಬಿಚ್ಚಲಿಲ್ಲ. ಮುಂದಿನ ಎರಡು ಐತವಾರ ಅಜ್ಜ ಬರಲಿಲ್ಲ, ಹಾಡೂ ಆಗಲಿಲ್ಲ. ಚಹಾ ಕುಡಿದು ಎದ್ದುಬಂದೆವು.

ಮೂರನೇ ವಾರ ಖೋಲಿಯಲ್ಲಿ ಕೂತು, ಏನೋ ತೋಚಿ, ಕ್ಯಾಪೊ ಹಾಕಿದ ಮೇಲೆ ಫೋನು ಹಿಡಿದೆ. ಆರೂ ತಂತಿ ಏರಿದ್ದವು. ಕ್ಯಾಪೊವನ್ನು ಪಟ್ಟಿಯಿಂದ ದೂರ, ಎರಡು ಪಟ್ಟಿಗಳ ನಡುವೆ, ಸೊಟ್ಟಗೆ ಕಚ್ಚಿಸಿದ್ದೆ. ಅದರ ಸ್ಪ್ರಿಂಗು ತಂತಿಗಳನ್ನು ಒತ್ತಿ ಎಳೆದಿತ್ತು. ಎಳೆದ ತಂತಿ ಏರದೆ ಏನು ಮಾಡೀತು? ಇಡೀ ದಿನ ತಂತಿಯ ಬಿಗುವಿನಲ್ಲೇ ಅನ್ನ ದುಡಿಯುವವನು ನಾನು, ನನಗೆ ಇದು ಹೊಳೆಯಲಿಲ್ಲ! ತಿರುಪಿನ ಕ್ಯಾಪೊ ತಂದೆ. ಪಟ್ಟಿಗೆ ತಾಗಿ ಅದರ ಹಿಂದೆಯೇ ನೇರವಾಗಿ ಇಟ್ಟು, ತಂತಿ ಗರಗರ ಎನ್ನದಷ್ಟೇ ಬಿಗಿದೆ. ಅದರ ಕೆಳಗೆ ಸರಿಯಾಗಿ ಕೂರಲೆಂದು ತಂತಿಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದು ಬಿಟ್ಟೆ. ಆಮೇಲೆ, ಕ್ಯಾಪೊ ಇದ್ದ ಹಾಗೆಯೇ ಶ್ರುತಿ ಕೂಡಿಸಿದೆ. ಮೂರೇ ನಿಮಿಷದ ಕೆಲಸ. ಅಷ್ಟಕ್ಕೆ ಒಬ್ಬ ಮನುಷ್ಯನ ಹಾಡು ನಿಲ್ಲಿಸಿದ್ದೆ.

ಜೈನಾಪುರಕ್ಕೆ ಹೋದೆ. ಅಜ್ಜ ಎಮ್ಮೆ ಮೈ ತೊಳೆಯುತ್ತಿದ್ದರು. ತಪ್ಪು ನನ್ನದೆಂದು ಹೇಳಿ, ಕಾಲು ಹಿಡಿಯಲು ಬಗ್ಗಿದೆ.

"ಏಳ್ರಿ, ಏಳ್ರಿ. ನೀವು ಹೊಸಬ್ರು, ತಪ್ಪಿದ್ರಿ, ಆತು" ಎಂದರು. ಮತ್ತೆ ಎಮ್ಮೆಯ ಬೆನ್ನು ಉಜ್ಜುತ್ತ, "ಇಪ್ಪತ್ತ ವರ್ಷ ನನ್ನ ಮಗ್ಗಲದಾಗ ಕುಂತವ್ರು, ಅವರೊಳಗ ಒಬ್ಬರರ 'ಇಲ್ಲ, ಅಜ್ಜಂದು ಬರೋಬ್ಬರಿ ಐತಿ' ಅನಲಿಲ್ಲಲ್ರಿ. ಅಂದ್ಮ್ಯಾಲ ನನ್ನ ಸ್ವರ ಹ್ವಾದದ್ದು ಖರೇನ" ಎಂದರು.

ಆ ಐತವಾರ ಗೋದಾಮಿನಲ್ಲಿ ಎಲ್ಲರನ್ನೂ ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ. "ಅಜ್ಜಂದು ಸರಿ ಇತ್ತಂತ ನಿಮಗ ಗೊತ್ತಾಗಲಿಲ್ಲೇನ್ರಿ?"

ಸಾಹುಕಾರರು ಮೆಲ್ಲಗೆ, "ಗೊತ್ತಿತ್ರಿ. ನೀವು ಒಬ್ಬಾವ್ರ ಇರ್ತೀರಿ. ಅಷ್ಟು ದೂರಿಂದ ಹುರುಪಿಲೆ ಬರ್ತೀರಿ. ಎಲ್ಲಾರ ಮುಂದ ತಪ್ಪಂದ್ರ ಮನಸ್ಸಿಗಿ ಹಚ್ಚಿಕೊಂಡು ಬರೂದ ಬಿಡ್ತೀರಂತ ಸುಮ್ನಾದ್ವಿ" ಎಂದರು.

ನನಗೆ ಅಲ್ಲಿ ಕೂತಿರಲಾಗಲಿಲ್ಲ. ಚಹಾ ಅಷ್ಟಕ್ಕೇ ಬಿಟ್ಟು ಗಾಡಿ ಹತ್ತಿದೆ. ಇಷ್ಟು ದಿನ ನಾನೂ ಅವರಲ್ಲಿ ಒಬ್ಬ ಅಂದುಕೊಂಡಿದ್ದೆ. ಅವರು ನನ್ನನ್ನು ಪಾಪ ಎಂದು ಕೂಡಿಸಿಕೊಂಡಿದ್ದರು. ವಿಜಯಪುರದ ದಾರಿ ಹಿಡಿದರೆ ಖೋಲಿಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಆದರೆ ಅಜ್ಜನಿಗೆ ಇದನ್ನು ಹೇಳದಿದ್ದರೆ ಅವರು ಸಾಯುವವರೆಗೂ ತಮ್ಮ ಗಂಟಲನ್ನು ನಂಬುತ್ತಿರಲಿಲ್ಲ. ಜೈನಾಪುರಕ್ಕೇ ಹೋದೆ.

"ಅಜ್ಜಾರ, ನಿಮ್ಮ ಸ್ವರದ ಮ್ಯಾಲ ಅವರಿಗೆ ಸಂಶಯ ಇರಲಿಲ್ರಿ. ನನ್ನ ಮ್ಯಾಲ ಕನಿಕರ ಬಂದು ಸುಮ್ನಿದ್ರು. ನನಗ ಯಾರೂ ಇಲ್ಲಂತ" ಎಂದೆ. ಆ ಮಾತನ್ನು ಅಲ್ಲಿಯವರೆಗೆ ನಾನು ಬಾಯಿಬಿಟ್ಟು ಯಾರ ಮುಂದೆಯೂ ಆಡಿರಲಿಲ್ಲ. ಆಡುವಾಗ ನನ್ನದೇ ಗಂಟಲು ಒಡೆಯಿತು. ಅಜ್ಜ ಒಳಗಿನಿಂದ ರೊಟ್ಟಿ ತರಿಸಿ ಮುಂದಿಟ್ಟರು.

ಮುಂದಿನ ಐತವಾರ ಅಜ್ಜ ಬಂದರು. ಬಂದು ಎತ್ತಿಕೊಂಡರು. ಹಾರ್ಮೋನಿಯಂ ಇನ್ನೂ ರಿಪೇರಿಯಾಗಿರಲಿಲ್ಲ. ನಾನು ಕೂಡಿದೆ. ಎರಡನೇ ಹಾಡಿನ ಹೊತ್ತಿಗೆ ಸೆಕೆಗೋ ಏನೋ ನನ್ನ ಒಂದು ತಂತಿ ಜರುಗಿತ್ತು. ತಾಳದವರಿಗೆ ಕೇಳಿಸಿತ್ತು. ಅವರು ಎಂದಿನಂತೆ ತಲೆ ತಗ್ಗಿಸಿ ತಾಳ ಹಾಕುತ್ತಲೇ ಇದ್ದರು. ಅಜ್ಜ ಮಾತ್ರ ಹಾಡು ಅಲ್ಲಿಗೇ ನಿಲ್ಲಿಸಿ ತೊಡೆಗೆ ಒಂದು ಬಡಿದರು.

"ಲೇ, ಕಿವಿ ಎಲ್ಲಿ ಇಟ್ಟೀಯೋ? ಕೆಳಗಿನ ತಂತಿ ಹೊಂಟೈತಿ ನೋಡು. ಕೂಡಸು ಮೊದಲ!"

ನನ್ನನ್ನು ಯಾರಾದರೂ ಹಾಗೆ ಬೈದು ಎಷ್ಟು ವರ್ಷವಾಗಿತ್ತೋ. ಕಣ್ಣು ಮಂಜಾಗಿ ಫೋನಿನ ದೀಪ ಕಾಣಲಿಲ್ಲ. ಅಜ್ಜನೇ "ಇನ್ನಾ ಸ್ವಲ್ಪ, ಇನ್ನಾ ಸ್ವಲ್ಪ, ಹಾಂ, ನಿಲ್ಲಸು" ಎನ್ನುತ್ತ ಕೂಡಿಸಿಕೊಟ್ಟರು.