ಗುರಿ ಬಿದ್ದ ಮೇಲೂ ಓಡಿದ ಗಡಿಯಾರ

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ, ಕೆಂಗೇರಿಯ ಆಚೆಗಿದ್ದ ನಮ್ಮ ಕಚೇರಿಯಲ್ಲಿ ಒಂದು ಯುದ್ಧಾಭ್ಯಾಸ ನಡೆಯಿತು. ಬಂದೂಕಿಲ್ಲ, ಸೈನ್ಯವಿಲ್ಲ, ಮೇಜು, ನಕ್ಷೆ, ಕಂಪ್ಯೂಟರ್ ಅಷ್ಟೇ. ಉಪಗ್ರಹಗಳ ಕಕ್ಷೆ ಲೆಕ್ಕ ಹಾಕುವುದು ನನ್ನ ಕೆಲಸವಾದ್ದರಿಂದ ನನ್ನನ್ನೇ ಅಂಪೈರ್ ಮಾಡಿದ್ದರು. ಬಸವೇಶ್ವರನಗರದಿಂದ ಆ ಟ್ರಾಫಿಕ್ಕಿನಲ್ಲಿ ಬಂದು ಕೂರುವಷ್ಟರಲ್ಲಿ ನನ್ನ ಸಿಟ್ಟು ಮೂಗಿನ ತುದಿಗೆ ಬಂದಿರುತ್ತಿತ್ತು.

ಅಭ್ಯಾಸದ ಕಥೆ ಇಷ್ಟು. ಗಡಿಯ ಕಣಿವೆಯೊಂದರಲ್ಲಿ ನಮ್ಮ ತುಕಡಿ ಸಿಕ್ಕಿಕೊಂಡಿದೆ. ಶತ್ರುವಿನ ಬೇಹುಗಾರಿಕೆ ಉಪಗ್ರಹ ಅದನ್ನು ಮೇಲಿನಿಂದ ನೋಡುತ್ತಿದೆ. ಆ ಕಣ್ಣು ಮುಚ್ಚಿಸಿ ತುಕಡಿಯನ್ನು ಹೊರಗೆ ತರಬೇಕು. ಕ್ಷಿಪಣಿ ಬಿಟ್ಟು ಒಡೆಯಬಹುದು. ಇಲ್ಲವೇ ಜ್ಯಾಮಿಂಗ್, ಅಂದರೆ ನೆಲದಿಂದ ಪ್ರಬಲ ರೇಡಿಯೊ ಅಲೆ ಹಾಯಿಸಿ ಸ್ವಲ್ಪ ಹೊತ್ತು ಕುರುಡು ಮಾಡಬಹುದು. ನಾವು ಆರಿಸಿದ್ದು ನಿಜವಾದ ಯೋಜನೆಗೆ ಶಿಫಾರಸಾಗಿ ಹೋಗುತ್ತಿತ್ತು.

ನಮ್ಮ ಪಕ್ಷದ ನಾಯಕರು ಕರ್ನಲ್ ನಾಗರಾಜ್, ರಾಜಾಜಿನಗರದವರು. ಅಂಥದೇ ಕಣಿವೆಯಲ್ಲಿ ತಮ್ಮ ತುಕಡಿಯ ಹುಡುಗರನ್ನು ಕಳೆದುಕೊಂಡಿದ್ದರಂತೆ. ಅವರು ಹಿಂದೆಮುಂದೆ ನೋಡದೆ ಕ್ಷಿಪಣಿ ಎಂದರು. ಪರದೆಯ ಮೇಲೆ ಉಪಗ್ರಹ ಚೂರಾಯಿತು, ತುಕಡಿ ಹೊರಟಿತು. ಗುರಿ ಬಿದ್ದರೆ ಆಟ ಮುಗಿಯಿತು ಎನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಎಲ್ಲರೂ ಊಟಕ್ಕೆ ಎದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಯಲ್ಲಿ ಗಾಜಿನ ಲೋಟ ಒಡೆದರೆ ಗುಡಿಸಿದ ಮೇಲೂ ಚೂರು ಕಾಲಿಗೆ ಚುಚ್ಚುತ್ತದೆ. ಮೇಲೆ ಕಕ್ಷೆಯಲ್ಲಿ ಸುತ್ತುವ ಉಪಗ್ರಹದ ಚೂರುಗಳನ್ನು ಗುಡಿಸುವವರಾದರೂ ಯಾರು? ಆಟದ ಗಡಿಯಾರ ನಿಲ್ಲಿಸುವುದಿಲ್ಲ, ಕೂತುಕೊಳ್ಳಿ ಎಂದೆ. ಗೊಣಗುತ್ತಲೇ ಕೂತರು. ಪರದೆಯ ಮೇಲೆ ತುಕಡಿ ಇನ್ನೂ ದಾರಿಯಲ್ಲಿರುವಾಗ ಒಂದು ಚೂರು ನಮ್ಮದೇ ಉಪಗ್ರಹಕ್ಕೆ ಬಡಿಯಿತು. ಆ ಕಣಿವೆಯ ಮೇಲೆ ನಮಗಿದ್ದ ಕಣ್ಣು ಅದೊಂದೇ. ಹೀಗೇ ಆಗುತ್ತದೆಂದೇನಿಲ್ಲ. ಆಗಬಹುದು ಎನ್ನುವುದೇ ಸಾಕಿತ್ತು.

ಕರ್ನಲ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎದುರಿಗೆ ಯಾರು ಬರ್ತಾ ಇದಾರೆ ಅಂತ ಈಗ ನಮ್ಮ ಹುಡುಗ್ರಿಗೆ ಹೇಳೋರು ಯಾರು, ಮೇಡಂ?" ಎಂದರು.

ಶಿಫಾರಸಿನಲ್ಲಿ ಕ್ಷಿಪಣಿ ಹೋಗಿ ಜ್ಯಾಮಿಂಗ್ ಬಂತು. ಗೆದ್ದೆ ಎಂದುಕೊಂಡು ಬ್ಯಾಗು ಹೆಗಲಿಗೇರಿಸಿದೆ. ಗೇಟಿನ ಹತ್ತಿರ ಕರ್ನಲ್ ಕಾಯುತ್ತಿದ್ದರು.

"ಜ್ಯಾಮಿಂಗ್ ಮಧ್ಯದಲ್ಲೇ ಕೈಕೊಟ್ರೆ? ಆಗ ಹುಡುಗ್ರು ಬಯಲಲ್ಲಿದ್ರೆ?"

"ಗೊತ್ತಿಲ್ಲ ಸಾರ್," ಎಂದೆ. ಅವರು ತಲೆಯಾಡಿಸಿ ಹೋದರು.

ಈಗ ಸಂಜೆ ಮಲ್ಲತ್ತಹಳ್ಳಿ ಕೆರೆಯ ಸುತ್ತ ನಡೆಯುವಾಗ ಒಮ್ಮೊಮ್ಮೆ ಉಪಗ್ರಹವೊಂದು ಮಿನುಗುತ್ತ ಹಾದುಹೋಗುತ್ತದೆ. ಜೊತೆಯವರು ಚೆಂದ ಎನ್ನುತ್ತಾರೆ. ಅದು ಮುಂದೆ ಯಾವ ಕಣಿವೆಯ ಮೇಲೆ ಹಾಯುತ್ತದೋ ಎಂದು ನಾನು ಲೆಕ್ಕ ಹಾಕುತ್ತೇನೆ. ಆಕಾಶದಲ್ಲಿ ಹಾಕಿದ ಲೆಕ್ಕ ಕೊನೆಗೆ ನೆಲದ ಮೇಲೆ ನಡೆಯುತ್ತಿರುವವರು ಮನೆ ಸೇರಿದಾಗಲೇ ಮುಗಿಯುವುದು ಎಂದು ಈ ಕೆಲಸ ನನಗೆ ಕಲಿಸಿತು. ಆ ತುಕಡಿ ನನ್ನ ತಲೆಯಲ್ಲಿ ಇನ್ನೂ ನಡೆಯುತ್ತಲೇ ಇದೆ.