ಒಲ್ಲೆ ಎನ್ನುವ ವಯಸ್ಸು

ಮಕ್ಕಳ ಬೆಳವಣಿಗೆಯ ಹಂತಗಳನ್ನು ಮನೆಯವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಅವತ್ತು ಕೊಟ್ಟೂರಿನ ಹತ್ತಿರದ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಚಾರ್ಟು ನೇತುಹಾಕಿ ಹೇಳುತ್ತಿದ್ದೆ: "ಎರಡು ವರ್ಷದ ಕೂಸು ಎಲ್ಲಾದಕ್ಕೂ ಒಲ್ಲೆ ಅಂತೈತಿ. ಅದು ಹಟ ಅಲ್ಲ, ಹಂತ. ನಾನೂ ಒಂದು ಜೀವ ಅದೀನಿ ಅಂತ ಅದಕ್ಕ ತಿಳಿಯೋ ಹೊತ್ತು. ಬೈಬ್ಯಾಡ್ರಿ."

ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಗೌರವ್ವ ಕೈ ಎತ್ತಿದಳು.

"ಮೇಡಮ್ಮೋರ, ನಾನು ಲಗ್ನ ಆಗಿ ಬಂದು ನಲವತ್ತು ವರ್ಷಾತು. ಆ ಮನ್ಯಾಗ ಒಮ್ಮಿನೂ ಒಲ್ಲೆ ಅಂದಿಲ್ಲ. ಹಂಗಾರ ನನಗಿನ್ನೂ ಎಲ್ಡು ವರ್ಷ ತುಂಬಿಲ್ಲೇನ್ರಿ?"

ಹೆಂಗಸರೆಲ್ಲ ನಕ್ಕರು. ಅವಳು ನಗಲಿಲ್ಲ.

ಅಷ್ಟರಲ್ಲಿ ಅವಳ ಮಗ ಬಾಗಿಲಿಗೆ ಬಂದು ನಿಂತ. "ಯವ್ವಾ, ಹೊತ್ತಾತು. ರೊಟ್ಟಿ ಬಡಿಯಾಕ ಬಾ."

ಗೌರವ್ವ ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ಮಗನ ಮುಖ.

"ಒಲ್ಲೆ. ಹಿಟ್ಟು ಡಬ್ಬ್ಯಾಗ ಐತಿ, ನೀನ ಬಡಕೋ."

ಅವನು ನನ್ನ ಮೇಲೆ ಹರಿಹಾಯ್ದ. "ಏನ್ ಕಲಿಸಾಕತ್ತೀರಿ ಮೇಡಂ, ನಮ್ಮವ್ವಗ?"

"ಬೈಬ್ಯಾಡಪ್ಪ," ಅಂದೆ. "ಅದು ಹಟ ಅಲ್ಲ, ಹಂತ."

ಸಂಜೆ ವರದಿಯಲ್ಲಿ, ಹೊಸ ಬೆಳವಣಿಗೆ ಕಂಡ ಮಗುವಿನ ಹೆಸರು ಕೇಳಿದ್ದ ಜಾಗದಲ್ಲಿ ಬರೆದೆ: ಗೌರವ್ವ, ವಯಸ್ಸು ಅರವತ್ತೆರಡು.

ಮರುದಿನ ಮೇಲಧಿಕಾರಿಯ ಫೋನು ಬಂತು. "ವಯಸ್ಸು ತಪ್ಪಾಗಿದೆ. ಅರವತ್ತು ಹೊಡೆದುಹಾಕಿ, ಬರೀ ಎರಡು ಅಂತ ಮಾಡಿ ಕಳಿಸಿ."

"ಒಲ್ಲೆ ಸರ್," ಅಂದೆ.

ನನಗೀಗ ನಲವತ್ತಾರು. ಗೌರವ್ವನಿಗೆ ಹೋಲಿಸಿದರೆ ನನ್ನ ಬೆಳವಣಿಗೆ ಬೇಗನೇ ಆಯಿತು.