ಬಾವಿಯ ಹುಲಿ ಮತ್ತು ಫೋಟೋ ಶೀನಣ್ಣ

ಯಾರ ಫೋಟೋ ನೋಡಿದರೂ ಶೀನಣ್ಣ ಚಂದ ಇದೆ, ಚಂದ ಇಲ್ಲ ಎನ್ನುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ತೆಗ್ದ್ ಮೇಲೆ ಅದ್ ಎಲ್ಲಿಗ್ ಹೋಯ್ತ್?"

ಕುಂದಾಪುರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾಡುಪ್ರಾಣಿಗಳ ಫೋಟೋ ಸ್ಪರ್ಧೆಗೆ ಅವರೇ ತೀರ್ಪುಗಾರರು. ದೂರದ ಕಾಡಿಗೆ ಹೋಗಿ, ಜೀಪಿನಲ್ಲಿ ಕುಳಿತು, ಮಾರುದ್ದದ ಲೆನ್ಸಿನಲ್ಲಿ ಹುಲಿ ತೆಗೆದು ತಂದವರೆಲ್ಲ ಆ ಪ್ರಶ್ನೆಗೆ ತಬ್ಬಿಬ್ಬಾಗುತ್ತಿದ್ದರು. ಒಬ್ಬ, "ಎಲ್ಲಿಗೋ ಹೋಯ್ತ್ ಸರ್, ನಾನ್ ಫೋಟೋ ಹ್ಯಾಂಗ್ ಬಂತ್ ಅಂತ ಕಾಂತಿದ್ದೆ" ಎಂದ.

"ಹಾಂಗಾರೆ ನೀ ಕಂಡದ್ದ್ ಹುಲಿ ಅಲ್ಲ ಮಾರಾಯ, ಕ್ಯಾಮರಾ" ಎಂದು ಶೀನಣ್ಣ ಆ ಫೋಟೋ ಬದಿಗಿಟ್ಟರು.

ಮುದುಕನ ಮಂಡೆ ಸಮ ಇಲ್ಲ ಎಂದು ಹಿಂದಿನಿಂದ ಜನ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಆ ಪ್ರಶ್ನೆ ಹುಟ್ಟಿದ ಬಾವಿ ನನಗೆ ಗೊತ್ತಿತ್ತು.

ನಾನು ಬಾವಿ ಕೆಲಸದವ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬಾವಿ ತೋಡಲು, ಕೆಸರೆತ್ತಲು ಇಳಿದವ. ನಾವುಂದದಲ್ಲಿ ಶೀನಣ್ಣನ ಸ್ಟುಡಿಯೋದ ಹಿಂದೆಯೇ ನನ್ನ ಮನೆ. ಆ ಕಾಲದಲ್ಲಿ ಅವರ ಬಾಯಲ್ಲಿ ಬೇರೆಯೇ ಮಾತಿತ್ತು: "ಒಂಚೂರ್ ತಡಿ." ಮದುವೆ ಮನೆಯಲ್ಲಿ ಮದುಮಗಳಿಗೆ "ಒಂಚೂರ್ ತಡಿ", ಮಾವನಿಗೆ "ಒಂಚೂರ್ ತಡಿನಿ", ಧಾರೆ ಎರೆಸುವ ಭಟ್ಟರಿಗೂ ಅದೇ. ಒಮ್ಮೆ ಭಟ್ಟರು ಸಿಟ್ಟಾಗಿ, "ಹ್ವಾಯ್ ಶೀನ, ಮುಹೂರ್ತ ನಿನ್ ಕ್ಯಾಮರಾ ಕೇಂಡ್ಕಂಡ್ ಬತ್ತಿಲ್ಲ!" ಎಂದರು. ಇಡೀ ಚಪ್ಪರ ನಕ್ಕಿತು. ಶೀನಣ್ಣ ಆ ನಗುವನ್ನೂ ಫೋಟೋ ತೆಗೆದರು.

ಒಂದು ಬೆಳಿಗ್ಗೆ ಶಂಕರನಾರಾಯಣದ ಕಡೆಯ ಒಂದು ಮನೆಯ ಬಾವಿಗೆ ಹುಲಿ ಬಿದ್ದಿದೆ ಎಂದು ನನ್ನನ್ನು ಕರೆದರು. ನಮ್ಮಲ್ಲಿ ಚಿರತೆಗೂ ಹುಲಿ ಎಂದೇ ಹೇಳುವುದು. ನಾಯಿಯನ್ನು ಅಟ್ಟಿಕೊಂಡು ಬಂದು ಕಟ್ಟೆಯಿಲ್ಲದ ಬಾವಿಗೆ ಬೀಳುತ್ತದೆ. ಏಣಿ ಇಳಿಸಿ ದೂರ ಸರಿದುಬಿಟ್ಟರೆ ತಾನಾಗಿ ಹತ್ತಿ ಹೋಗುತ್ತದೆ. ನನ್ನ ಬಿದಿರಿನ ಏಣಿ ಹೊತ್ತು ಹೊರಟೆ. ಕ್ಯಾಮರಾ ಹಿಡಿದು ಶೀನಣ್ಣನೂ ಬಂದರು.

ಮನೆಯವರೆಲ್ಲ ಹೆದರಿ ಒಳಗೆ ಬಾಗಿಲು ಹಾಕಿಕೊಂಡಿದ್ದರು. ಇಣುಕಿ ನೋಡಿದೆ. ಕುತ್ತಿಗೆವರೆಗೆ ನೀರು. ಕೆಂಪುಕಲ್ಲಿನ ಸಂದಿಗೆ ಉಗುರು ಊರಿಕೊಂಡು ಅದು ಮೇಲೆಯೇ ನೋಡುತ್ತಿತ್ತು. ಏಣಿಗೆ ಹಗ್ಗ ಬಿಗಿದು ಇಳಿಸತೊಡಗಿದೆ. ಅರ್ಧ ಇಳಿಸಿದ್ದೆ, ಬಾವಿಯ ಅಂಚಿನಲ್ಲಿ ಬೋರಲು ಮಲಗಿದ್ದ ಶೀನಣ್ಣ ಕೂಗಿದರು: "ಮಂಜ, ಒಂಚೂರ್ ತಡಿ! ಬಿಸ್ಲ್ ಈಗ ಅದ್ರ್ ಕಣ್ಣಿಗ್ ಬತ್ತ್!"

ತಡೆದೆ. ಏಣಿ ನಡುವಿನಲ್ಲಿ ನೇತಾಡಿತು. ಹುಲಿಯ ಎರಡು ಕಣ್ಣೂ ಏಣಿಯ ಕೊನೆಯ ಮೆಟ್ಟಿಲಿನ ಮೇಲೆ. ಬಿಸಿಲು ಬಂತು. ಕ್ಯಾಮರಾ ಕಿಟಕ್ಕೆಂದಿತು. ಉಗುರು ಜಾರಿತು. ನಾನು ಹಗ್ಗ ಬಿಟ್ಟು ಏಣಿ ನೀರಿಗೆ ಮುಟ್ಟುವಾಗ ಅಲ್ಲಿ ಗುಳ್ಳೆಗಳು ಮಾತ್ರ ಇದ್ದವು.

ಹುಲಿ ದಣಿದು ಸತ್ತಿತೆಂದು ಜನ ನಂಬಿದರು. ಫೋಟೋಗೆ ದೊಡ್ಡ ಬಹುಮಾನ ಬಂತು. ಶೀನಣ್ಣ ಅದನ್ನು ಸ್ಟುಡಿಯೋದಲ್ಲಿ ಗೋಡೆಗೆ ಮುಖ ಮಾಡಿಸಿ ತೂಗುಹಾಕಿದರು. ಆಮೇಲೆ ಅವರ ಬಾಯಲ್ಲಿ "ತಡಿ" ಎಂಬ ಮಾತು ಬರಲೇ ಇಲ್ಲ. ಮದುಮಗ ಕಣ್ಣು ಮುಚ್ಚಿದ್ದರೂ ಒತ್ತಿಬಿಡುತ್ತಿದ್ದರು. ನಾವುಂದದ ಎಷ್ಟೋ ಆಲ್ಬಮ್ಮುಗಳಲ್ಲಿ ಇವತ್ತಿಗೂ ಮದುಮಕ್ಕಳು ನಿದ್ದೆಯಲ್ಲಿ ತಾಳಿ ಕಟ್ಟಿದ ಹಾಗೆ ಇದ್ದಾರೆ! ಬಾವಿಯ ಮಾತು ಯಾರಾದರೂ ಎತ್ತಿದರೆ, "ತಪ್ಪ್ ನಂದ್" ಎನ್ನುತ್ತಿದ್ದರು, ಅಷ್ಟೇ. ಹಗ್ಗ ಮಂಜನ ಕೈಯಲ್ಲಿತ್ತು ಎಂದು ಒಂದು ದಿನವೂ ಬೆರಳು ತೋರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ಮೇಲೆ ಇಳಿದ ಪ್ರತಿ ಬಾವಿಯಲ್ಲೂ, ಕೆಳಗೆ ಮುಟ್ಟುವ ಮೊದಲು ನಾನು ಕಾಲಡಿ ನೋಡಿಕೊಳ್ಳುತ್ತಿದ್ದೆ.

ಇಷ್ಟರ ನಡುವೆ ನನ್ನ ಸಂತೋಷ ಹೇಳದಿದ್ದರೆ ಎದೆ ಒಡೆದೀತು! ನನ್ನ ಮೊಮ್ಮಗಳು ಚೈತ್ರ, ನನ್ನ ಬಂಗಾರ, ಹೋದ ವರ್ಷ ಆ ಸ್ಪರ್ಧೆಯಲ್ಲಿ ಮೊದಲು ಬಂದಳು. ಅವಳ ಫೋಟೋದಲ್ಲಿ ಹುಲಿಯೇ ಇಲ್ಲ! ಬಾವಿಯ ಅಂಚು, ಮೇಲೆದ್ದ ಏಣಿಯ ತುದಿ, ಕೆಂಪುಕಲ್ಲಿನ ಮೇಲೆ ನಾಲ್ಕು ಒದ್ದೆ ಹೆಜ್ಜೆ. "ಹುಲಿ ಎಲ್ಲಿತ್ತ್ ಹೆಣ್ಣೇ, ಮನೆಲಿ ಬಿಟ್ಟಿಕ್ ಬಂದ್ಯಾ?" ಎಂದು ಯಾರೋ ಚೇಷ್ಟೆ ಮಾಡಿದರು.

ಶೀನಣ್ಣ ಕನ್ನಡಕ ಮೇಲೇರಿಸಿದರು. "ತೆಗ್ದ್ ಮೇಲೆ ಅದ್ ಎಲ್ಲಿಗ್ ಹೋಯ್ತ್?"

"ತೆಗುಕ್ ಮೊದ್ಲೇ ಹೋಯ್ತ್ ಅಜ್ಜ. ನಮ್ಮಜ್ಜನ್ ಒಟ್ಟಿಗ್ ಏಣಿ ಇಳ್ಸಿ ಅಡಗಿ ಕೂತಿದ್ದೆ. ಕ್ಯಾಮರಾ ಚೀಲದಲ್ಲೇ ಇತ್ತ್. ಹತ್ತಿ ಬಂತ್, ಮೈ ಕೊಡವಿ ಕಾಡ್ ಬದಿಗ್ ಓಡ್ತ್."

"ನೀ ಕಂಡ್ಯಾ?"

"ಕಂಡೆ."

"ಬಾಲ ಸಮೇತ?"

"ಬಾಲ ಸಮೇತ, ಅಜ್ಜ!"

ಶೀನಣ್ಣ ನನ್ನ ಕಡೆ ತಿರುಗಿ ನೋಡಿದರು.

ಬಹುಮಾನ ಕೊಟ್ಟ ಮೇಲೆ ತಮ್ಮ ಹಳೆಯ ರೋಲಿನ ಕ್ಯಾಮರಾ ತೆಗೆದು, ನನ್ನನ್ನೂ ಮೊಮ್ಮಗಳನ್ನೂ ಗೋಡೆ ಬದಿಗೆ ನಿಲ್ಲಿಸಿದರು. ಒಂದು ಕಣ್ಣು ಮುಚ್ಚಿ ಹೇಳಿದರು: "ಒಂಚೂರ್ ತಡಿನಿ."

ನನ್ನ ಕಣ್ಣು ತಾನಾಗಿ ಕಾಲಡಿಗೆ ಹೋಯಿತು. ಪಕ್ಕದಲ್ಲಿ ಚೈತ್ರ ನಗುತ್ತಾ ನಿಂತಿದ್ದಳು. ಕಿಟಕ್ಕೆಂದಿತು. ಶೀನಣ್ಣ ಕೊನೆಯದಾಗಿ ತೆಗೆದ ಫೋಟೋ ಅದೇ. ಆ ಮಳೆಗಾಲ ಮುಗಿಯುವ ಮೊದಲು ಅವರು ತೀರಿಕೊಂಡರು. ಸ್ಟುಡಿಯೋ ಈಗ ಮೊಬೈಲ್ ಅಂಗಡಿ.

ಮೊನ್ನೆ ಅವರ ಹೆಂಡತಿ ಆ ಕ್ಯಾಮರಾ ತಂದು ಚೈತ್ರಳ ಕೈಗಿಟ್ಟರು. ರೋಲು ಒಳಗೇ ಇದೆ. ಇವಳಿಗೆ ಕುಣಿಯುವಷ್ಟು ಖುಷಿ. ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. "ಅಜ್ಜ, ನಮ್ಮಿಬ್ರ್ ಫೋಟೋ ಇದ್ರೊಳ್ಗೇ ಇತ್ತ್! ಉಡುಪಿಗ್ ಹೋಯ್ ತೊಳ್ಸ್ಕಂಡ್ ಬಪ್ಪ, ಬನಿ!"

ಆ ಫೋಟೋದಲ್ಲಿ ನನ್ನ ಮುಖ ಹೇಗೆ ಬಂದಿರುತ್ತದೆಂದು ನನಗೆ ಗೊತ್ತಿದೆ. ಯಾಕೆ ಎಂದು ಅವಳು ಕೇಳಿಯೇ ಕೇಳುತ್ತಾಳೆ.

"ಒಂಚೂರ್ ತಡಿ ಮಗಾ" ಎಂದೆ. ಎಂದವನೇ ಬೆಚ್ಚಿದೆ.

"ಎಂತಕ್ಕಜ್ಜ?"

"ನನ್ನ್ ಬದಿಗ್ ಕೂಕೊ. ಶೀನಣ್ಣ ತಡಿ ಅಂದದ್ದ್ ಹೌದ್. ಹಗ್ಗ ಹಿಡ್ದದ್ದ್ ನಾನ್."